ರಾಕ್ಷಸನ ಕೋಟೆಗೊಂದು ಬಚ್ಚಲು

ನಮ್ಮ ಮಾವ ದೊರೆಸ್ವಾಮಿ ಬದುಕಿಡೀ ಶಂಕರಪುರಂ, ಚಾಮರಾಜಪೇಟೆಯವರ ಮನೆಗಳಿಗೆ ಪ್ಲಾನ್ ಬರೆದವರು. ಆ ಕೆಲಸ ಕಂಪ್ಯೂಟರಿಗೆ ಹೋದಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಅವರ ಡ್ರಾಯಿಂಗ್ ಬೋರ್ಡಿನ ಮೇಲೆ ನನ್ನ ಮಗಳು ತನ್ಮಯಿಯ ಲಂಗೋಟಿಗಳು ಒಣಗುತ್ತಿದ್ದವು. ಬೆಳಗಿನ ಪೇಪರನ್ನು ಮಾವ ಮಧ್ಯಾಹ್ನದವರೆಗೂ ಓದುತ್ತಿದ್ದರು. ಅದನ್ನು ನೋಡಿದರೆ ನನಗೆ ಮಗುವಿಗೆ ಜ್ವರ ಬಂದಾಗಿನಷ್ಟೇ ದಿಗಿಲು.

2004ರ ಮಳೆಗಾಲದಲ್ಲಿ ಮೈದುನ ಸಮರ್ಥನ ಗೆಳೆಯ ಗೌರೀಶ ಒಂದು ಕೆಲಸ ತಂದ. ಭಾನುವಾರ ನಮ್ಮ ನಡುಮನೆಯಲ್ಲಿ ಇವರ ಗುಂಪಿನದೊಂದು ಆಟ: ಗೌರೀಶ ಕತೆ ಹೇಳುತ್ತಾನೆ, ಉಳಿದವರು ಯೋಧರಾಗಿ, ದಾಳ ಉರುಳಿಸಿ, ಚೌಕಗಳ ನಕ್ಷೆಯ ಮೇಲೆ ಅಂಗಿ ಗುಂಡಿಗಳನ್ನು ನಡೆಸಿ ಯುದ್ಧ ಮಾಡುತ್ತಾರೆ.

“ರಾಕ್ಷಸನ ಕೋಟೆಯ ನಕ್ಷೆ ಬೇಕು ಅಂಕಲ್,” ಎಂದ ಗೌರೀಶ. “ ಒಳಗೆ ಹೋದೋರು ವಾಪಸ್ ಬರಬಾರದು.”

“ಅಂದ್ರೆ ಮೆಟ್ಟಿಲು ಇಕ್ಕಟ್ಟಾಗಿರಬೇಕಾ?” ಎಂದರು ಮಾವ.

ಆ ಸಂಜೆಯೇ ಅವೆನ್ಯೂ ರಸ್ತೆಯಿಂದ ಟ್ರೇಸಿಂಗ್ ಪೇಪರ್ ಬಂತು. ನಾನು ಲಂಗೋಟಿಗಳನ್ನು ತೆಗೆದೆ. ತಪ್ಪಿದ ಗೆರೆಯನ್ನು ಮಾವ ಬ್ಲೇಡಿನಲ್ಲಿ ಕೆರೆದು ಅಳಿಸುವವರು. ಬ್ಲೇಡು ಮಗುವಿನ ಕೈಗೆ ಸಿಕ್ಕೀತೆಂದು ವಾರವಿಡೀ ನಾನು ಮಗುವನ್ನು ಸೊಂಟದಿಂದ ಇಳಿಸಲಿಲ್ಲ. ಮಾವ ಶಿಳ್ಳೆ ಹಾಕುತ್ತಿದ್ದರು.

ಶನಿವಾರ ನಕ್ಷೆ ನೋಡಿದೆ. ರಾಕ್ಷಸನಿಗೆ ಈಶಾನ್ಯದಲ್ಲಿ ದೇವರಮನೆ, ಆಗ್ನೇಯದಲ್ಲಿ ಅಡುಗೆಮನೆ, ಹಂಡೆ ಒಲೆಯಿರುವ ಬಚ್ಚಲು, ಹಿತ್ತಿಲ ಬಾಗಿಲು.

“ಮಾವ, ಯಾರೂ ವಾಪಸ್ ಬರಬಾರದು ಅಂದಿದ್ನಲ್ಲ ಗೌರೀಶ?”

“ಹಿಂದೊಂದು ಬಾಗಿಲಿಲ್ದೆ ಮನೆ ಬರೆಯೋಕೆ ಕೈ ಏಳಲ್ಲ ಕಣಮ್ಮ. ಒಲೆ ಹೊಗೆ ತುಂಬ್ಕೊಂಡ್ರೆ ಅವನೆಲ್ಲಿಗೆ ಹೋಗ್ಬೇಕು, ಪಾಪ?”

ಹುಡುಗರು ಇದು ಬೇಡ ಅಂದುಬಿಟ್ಟರೆ ಇವರು ಮತ್ತೆ ಪೆನ್ನು ಮುಟ್ಟುವುದಿಲ್ಲ ಅನ್ನಿಸಿ ನನಗೆ ಊಟ ಸೇರಲಿಲ್ಲ.

ಭಾನುವಾರ ಆಟ ಶುರುವಾಯಿತು. “ಮುಂಬಾಗಿಲು ಮುಚ್ಕೊಳ್ತು. ನಿಮ್ಮೆಲ್ಲರ ಕತೆ ಮುಗೀತು,” ಎಂದ ಗೌರೀಶ.

ಆಟಕ್ಕೆ ಬಂದಿದ್ದ ಹುಡುಗರ ಗೆಳತಿ ಆರಾಧನಾ ನಕ್ಷೆಯ ಮೇಲೆ ಬಗ್ಗಿದಳು. “ಮಗಾ, ಇಲ್ಲಿ ಹಿತ್ತಿಲ ಬಾಗಿಲಿದೆ.”

ಗೌರೀಶನ ಮುಖ ಸಣ್ಣದಾಯಿತು. “ಏನ್ ಅಂಕಲ್ ನೀವು, ತಿಂಗಳುಗಟ್ಟಲೆ ಕಟ್ಟಿದ ಕತೆ.”

ಆ ಬಾಗಿಲನ್ನು ಕೆರೆದು ಅಳಿಸಲು ಮಾವ ಬ್ಲೇಡು ತರಹೊರಟರು. ನಾನು ತನ್ಮಯಿಯನ್ನು ಅವಚಿದ ರಭಸಕ್ಕೆ ಅವಳು ಕಿರುಚಿದಳು, ಕೆಳಗಿಳಿಸಿದೆ.

“ಕೂತ್ಕೊಳಿ ಅಂಕಲ್,” ಎಂದಳು ಆರಾಧನಾ. “ನಾನು ಓಡಿಹೋಗ್ತಿಲ್ಲ. ಹಿಂದಿನಿಂದ ಬಚ್ಚಲಿಗೆ ಹೋಗ್ತೀನಿ. ಹಂಡೇಲಿ ಬಿಸಿನೀರಿದೆಯಾ?”

“ಬೆಳಗ್ಗೆ ಹೊತ್ತು ಯಾವಾಗ್ಲೂ ಇರುತ್ತಮ್ಮ,” ಎಂದರು ಮಾವ ಬಹಳ ಗಂಭೀರವಾಗಿ.

ದಾಳ ಉರುಳಿತು. ಹಂಡೆ ರಾಕ್ಷಸನ ಮೇಲೆ ಮಗುಚಿತು. ಅವನು ಜಾರಿ, ದೇವರಮನೆಯ ಹೊಸಿಲು ಎಡವಿ, ತನ್ನ ದೇವರಿಗೇ ಅಡ್ಡಬಿದ್ದ. ಸಮರ್ಥ ನಕ್ಕು ನಕ್ಕು ನೆಲದ ಮೇಲೆ ಹೊರಳಿದ, ಗೌರೀಶನೂ ಕಣ್ಣೊರೆಸಿಕೊಂಡ. ನಗುತ್ತಲೇ ನಾನು ದಾಳ ಎಣಿಸಿದೆ. ಒಂದು ತನ್ಮಯಿಯ ಬಾಯಲ್ಲಿತ್ತು.

“ಮುಂದಿನ ವಾರ ಅರಮನೆ ಬರೀರಿ ಅಂಕಲ್,” ಎಂದ ಗೌರೀಶ. “ಬಚ್ಚಲು ಬೇಡ.”

“ಬಚ್ಚಲಿಲ್ದೆ ಆಗಲ್ಲಪ್ಪ.” ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. “ಸೈಟು ಎಷ್ಟಕ್ಕೆಷ್ಟು? ರಸ್ತೆ ಯಾವ ಕಡೆ?”

ಹೊರಗೆ ಮಳೆ ಹಿಡಿದಿತ್ತು. ಲಂಗೋಟಿಗಳ ಬಕೆಟ್ಟು ಹಿಡಿದು ನಾನು ಒಣಗಿಸಲು ಬೇರೆ ಜಾಗ ಹುಡುಕಲು ಹೊರಟೆ.