ಬಿಸಿಲಿಗಿಟ್ಟ ಪೀಪಾಯಿ

ಚಂದ್ರಮೋಹನನಂಥ ಬುದ್ಧಿವಂತ ಪೆದ್ದನನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಪರದೇಶದ ಚಾಟ್ಸ್‌ವರ್ತ್‌ನಲ್ಲಿ ನಮ್ಮ ಎದುರು ಮನೆ ಅವನದು. ಬೆಂಗಳೂರಿನವನು, ಗ್ಲೆಂಡೇಲಿನ ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನು ಜಾಫರ್, ಮೈಸೂರಿನವನು, ಇಲ್ಲಿ ಕಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದ ನಾನು ಬಿಯರಿನ ಕಥೆ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

ಬಿಯರಿನ ಹುಚ್ಚು ಹತ್ತಿದ್ದು ಅವನಿಗಲ್ಲ, ಹೆಂಡತಿ ನಿರುಪಮಾಗೆ. ಮನೆಯಲ್ಲೇ ಬಾರ್ಲಿ ಕುದಿಸಿ, ಹುದುಗು ಬರಿಸಿ, ತಿಂಗಳುಗಟ್ಟಲೆ ಇಟ್ಟು ಹುಳಿಯಾಗಿಸುವ ಬಿಯರ್. 2020ರ ಡಿಸೆಂಬರಿನಲ್ಲಿ ಎರಡು ಗಾಜಿನ ಜಾಡಿ ತುಂಬ ಮಾಡಿಟ್ಟು, "ಇದನ್ನ ವಿಸ್ಕಿ ಪೀಪಾಯಿಗೇ ಹಾಕ್ಬೇಕು ಚಂದ್ರು, ಅಲ್ಲೀವರೆಗೂ ಮುಟ್ಟಬೇಡ" ಅಂದಿದ್ದಳು. ಮುಂದಿನ ತಿಂಗಳೇ ಕೋವಿಡ್ ಅವಳನ್ನು ತೆಗೆದುಕೊಂಡು ಹೋಯಿತು. ಆಸ್ಪತ್ರೆಯೊಳಕ್ಕೆ ಗಂಡನನ್ನೂ ಬಿಡಲಿಲ್ಲ. ಗದಗಿನಲ್ಲಿದ್ದ ತಾಯಿ ಶಂಕ್ರವ್ವ ಮಗಳ ಮುಖವನ್ನು ಕೊನೆಗೆ ನೋಡಿದ್ದು ಫೋನಿನಲ್ಲಿ.

ಆಮೇಲೆ ಆ ಜಾಡಿಗಳ ಮುಚ್ಚಳ ತೆಗೆಯಲಿಲ್ಲ ಮಹಾಶಯ. "ಒಂದು ಗುಟುಕು ರುಚಿ ನೋಡಬಾರದೇನೋ?" ಎಂದು ನಾನೇ ಕೇಳಿದ್ದೇನೆ, ನೋಡಿ, ನಾನು!

"ಅವಳ ಕೈಯಾರೆ ಮಾಡಿದ್ದು ಉಳಿದಿರೋದು ಇದೊಂದೇ ಜಾಫರ್. ಅವಳು ಹೇಳಿದ ಹಾಗೆ ಆದ್ಮೇಲೇ ಕುಡೀತೀನಿ" ಅನ್ನುತ್ತಿದ್ದ.

2022ರ ಬೇಸಿಗೆಯಲ್ಲಿ ವೀಸಾ ಸಿಕ್ಕಿ ಶಂಕ್ರವ್ವ ಬಂದರು. ಅದೇ ಸಮಯಕ್ಕೆ ಸ್ಯಾನ್ ಡಿಯಾಗೋದಲ್ಲಿ ವಿಸ್ಕಿ ಖಾಲಿ ಮಾಡಿದ ಚಿಕ್ಕ ಪೀಪಾಯಿ ಸಿಗುತ್ತದೆ ಎಂದು ಚಂದ್ರು ನನ್ನ ಪಿಕಪ್ ಹೊರಡಿಸಿದ. ಗಾಳಿ ಬಿಸಿಲು ತಾಗಬಾರದೆಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ನೆಂಟರನ್ನು ಕೂರಿಸಿದ ಹಾಗೆ ಹಿಂದಿನ ಸೀಟಿನಲ್ಲಿ ಕೂರಿಸಿದ. 405 ಹೆದ್ದಾರಿಯ ಟ್ರಾಫಿಕ್ ಮುಗಿಯುವಷ್ಟರಲ್ಲಿ ಗಾಡಿಯೆಲ್ಲ ವಿಸ್ಕಿ ನಾತ. ಮನೆಗೆ ಬಂದರೆ ಹೆಂಡತಿ ಶಕೀಲಾ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದಳು.

ವಿಸ್ಕಿ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರಂತೆ. ಇದ್ದಿಲ ಚೂರು ಬರುವುದು ನಿಲ್ಲುವವರೆಗೂ ಚಂದ್ರು ಬಿಸಿನೀರು ಹಾಕಿ ಕುಲುಕಿ ಕುಲುಕಿ ತೊಳೆದ. ಮತ್ತೆ ಕಂಠಮಟ್ಟ ನೀರು ತುಂಬಿಸಿದ. ಮೊದಲು ಹಲಗೆಗಳ ಸಂದಿಯಲ್ಲಿ ನೀರು ಜಿನುಗಿತು. ಮರುದಿನ ಮರ ಉಬ್ಬಿ, ಜಿನುಗುವುದು ನಿಂತಿತು. "ಇನ್ನಿದು ಒಣಗಬಾರದು ಕಣೋ, ಒಣಗಿದ್ರೆ ಸಂದಿ ಬಿಟ್ಕೊಳುತ್ತೆ" ಎಂದು ನನಗೆ ಪಾಠ ಮಾಡಿ, ಶನಿವಾರದವರೆಗೆ ಒಳಗೆ ನೀರು ಬಿಟ್ಟ. ಹೇಳಬೇಕಾದವರಿಗೆ ಮಾತ್ರ ಹೇಳಲಿಲ್ಲ.

ಶಂಕ್ರವ್ವ "ಇದೇನ್ರಿ?" ಎಂದು ಕೇಳಿದ್ದರು. ದಿನಾ ಇಷ್ಟಲಿಂಗ ಪೂಜೆ ಮಾಡುವ ಅತ್ತೆಗೆ, ನಿಮ್ಮ ಮಗಳು ಬಿಯರ್ ಮಾಡುತ್ತಿದ್ದಳು ಎಂದು ಹೇಳುವ ಧೈರ್ಯ ಯಾವ ಅಳಿಯನಿಗಿದೆ? "ನಿರೂ ಮಾಡಿಟ್ಟಿರೋ ಹುಳಿ ಅತ್ತೆ. ಇದ್ರಲ್ಲಿ ಹಾಕಿಟ್ರೆ ಉಪ್ಪಿನಕಾಯಿ ಥರ ಮಾಗುತ್ತೆ" ಅಂದುಬಿಟ್ಟ.

ಉಪ್ಪಿನಕಾಯಿ ಅಂದಮೇಲೆ ಮುಗಿಯಿತಲ್ಲ! ಜಾಡಿಯಲ್ಲಿ ನೀರಿನ ಪಸೆ ಇರಬಾರದೆಂದು ಯಾವ ತಾಯಿಗೆ ಗೊತ್ತಿಲ್ಲ? ಅಳಿಯ ಆಫೀಸಿಗೆ ಹೋದ ಮೇಲೆ ಆ ಮುದುಕಿ ನೀರು ಚೆಲ್ಲಿ, ಪೀಪಾಯಿಯನ್ನು ದಿನಾ ಹಿತ್ತಲಿಗೆ ಉರುಳಿಸಿ, ಸುಡುಬಿಸಿಲಿಗೆ ಇಟ್ಟು, ಸಂಜೆ ಇದ್ದಲ್ಲಿಗೇ ತಂದಿಟ್ಟರು. ಸತ್ತ ಮಗಳಿಗಾಗಿ ಮಾಡಲು ಅವರಿಗೆ ಸಿಕ್ಕಿದ್ದು ಆ ಒಂದು ಕೆಲಸ. "ನೀರು ಚೆಲ್ಲಿ ಇಟ್ಟೀನ್ರಿ" ಎಂದು ಶನಿವಾರ ಬೆಳಿಗ್ಗೆ ಅವರು ಹೇಳಿದಾಗ, ಈಗಷ್ಟೇ ಚೆಲ್ಲಿದ್ದಾರೆ ಎಂದುಕೊಂಡು ಚಂದ್ರು ಖುಷಿಪಟ್ಟನಂತೆ.

ನಾನು ಮನೆ ಮುಂದೆ ಗಾಡಿ ಒರೆಸುತ್ತಿದ್ದೆ. ಅವನ ಗ್ಯಾರೇಜಿನ ಬಾಗಿಲಡಿಯಿಂದ ಕಂದು ನೊರೆ ಹರಿದು ರಸ್ತೆಗೆ ಇಳಿಯುತ್ತಿತ್ತು. "ಲೋ ಚಂದ್ರೂ!" ಎಂದು ಕೂಗಿಕೊಂಡು ಓಡಿದೆ. ಜಾಡಿಗಳಿಂದ ಪೀಪಾಯಿಗೆ ಪೈಪು ಬಿಟ್ಟು, ನೆಟ್‌ವರ್ಕ್ ಬಿದ್ದಿದೆ ಎಂದು ಆಫೀಸಿನ ಫೋನ್ ಬಂದದ್ದಕ್ಕೆ ಒಳಗೆ ಹೋಗಿದ್ದ. ಓಡಿ ಬಂದವನು ಪೀಪಾಯಿಯನ್ನು ತಬ್ಬಿಕೊಂಡು ಸಂದಿಗಳನ್ನು ಅಂಗೈಯಿಂದ ಒತ್ತಿದ. ಎಷ್ಟು ಸಂದಿ ಅಂತ ಮುಚ್ಚುತ್ತಾನೆ? ನಾನು ಬಕೆಟ್ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಂಕ್ರವ್ವ ಗಾಬರಿಯಿಂದ ಬಂದರು. "ಚೊಲೋ ಒಣಗಿಸಿದ್ನೆಲ್ರಿ... ಹಸಿ ಇದ್ರ ಬೂಸರ ಬರತೈತಿ ಅಂತ ದಿನಾ ಬಿಸಲಿಗೆ ಇಟ್ಟಿದ್ನಿ."

"ಯಾರು ಒಣಗ್ಸಿ ಅಂದ್ರು ನಿಮ್ಗೆ? ಅದು ಉಪ್ಪಿನಕಾಯಲ್ಲ! ಬಿಯರು! ನಿಮ್ಮ ಮಗಳು ಮಾಡಿದ ಬಿಯರು!" ಚಂದ್ರು ಕಿರುಚಿದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಅವನ ಜೊತೆ ಕೂತು ಅಳಬೇಕು ಅಂತಲೂ ಅನ್ನಿಸಿತು.

ಮುದುಕಿ ಪೀಪಾಯಿಯ ಹತ್ತಿರ ಬಂದರು. ಆಮೇಲೆ ಮೆಲ್ಲಗೆ ಕೇಳಿದರು: "ಅಕಿ ಮಾಡಿದ್ದು ರುಚಿ ಹೆಂಗಿತ್ರಿ?"

"ಗೊತ್ತಿಲ್ಲ ಅತ್ತೆ. ನಾನು ಕುಡೀಲೇ ಇಲ್ಲ."

ಶಂಕ್ರವ್ವ ಆ ಒದ್ದೆ ನೆಲದಲ್ಲೇ ಮಂಡಿಯೂರಿದರು. ಹಲಗೆಯ ಸಂದಿಗೆ ಬೆರಳು ಹಚ್ಚಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು ಕಡಿಮಿ ಆಗೇತಿ" ಅಂದರು. "ಏನ್ ಮಾಡಿದ್ರೂ ಹಂಗ ಮಾಡತಿದ್ಲು ನಮ್ಮ ನಿರೂ."