ಉಪ್ಪಿಲ್ಲದ ಐದು ದಿನ

ಹೋದ ವಾರ ತುಪ್ಪದಲ್ಲಿ ಗೋಧಿ ಹಿಟ್ಟು ಹುರಿಯುತ್ತಿದ್ದೆ. ಹಿಟ್ಟು ಕೆಂಪಾಗಿ ಘಮ ಎದ್ದ ಕೂಡಲೇ ಸೌಟು ಹಿಡಿದ ಕೈ ನಿಂತುಬಿಟ್ಟಿತು. ವಡೋದರದ ಆ ಮೈದಾನ, ಅಂಚಿನ ಬೇವಿನ ಮರ, ಅದರ ಕೆಳಗೆ ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿರುತ್ತಿದ್ದ ಮಗಳ ಕೋಚ್ ಸರ್...

ಎರಡು ಸಾವಿರದ ಇಸವಿಯ ಆಚೀಚೆ ನಮ್ಮವರಿಗೆ ಬ್ಯಾಂಕಿನಿಂದ ಆ ಊರಿಗೆ ವರ್ಗವಾಗಿತ್ತು. ಮಗಳಿಗೆ ಹನ್ನೆರಡು, ಎಂಟುನೂರು ಮೀಟರ್ ಓಡುತ್ತಿದ್ದಳು. ಸರ್ ಅಲ್ಲಿಯವರೇ, ಐವತ್ತು ದಾಟಿದವರು. ಓಡುವ ಮಕ್ಕಳ ತಾಯಂದಿರಾದ ನಮ್ಮ ಅಡುಗೆಮನೆಗಳೂ ಅವರ ಮಾತಿನಂತೆಯೇ ನಡೆಯುತ್ತಿದ್ದವು. ನೆನೆಸಿದ ಕಡಲೆ, ಬೆಲ್ಲ, ಹಾಲು. ಬಾಳೆಹಣ್ಣು ಕೊಟ್ಟರೆ ಕಫ. ಓಟದ ದಿನ ನೀರು ಬಾಯಿ ಮುಕ್ಕಳಿಸುವುದಕ್ಕೆ ಮಾತ್ರ, ಕುಡಿದರೆ ಕಾಲು ಭಾರ. ಏಕೆಂದು ನಾವು ಯಾರೂ ಕೇಳಲಿಲ್ಲ. ಒಂದು ಭಾನುವಾರ ಒಬ್ಬ ತಂದೆ ಮಗಳಿಗೆ ಎಣ್ಣೆಯಲ್ಲಿ ಕರಿದ ಫಾಫಡಾ ತಿನ್ನಿಸುತ್ತಿದ್ದರು. ಸರ್ ನೋಡಿ, "ತಿನ್ನಿಸಿ ಭಾಯ್, ತಿನ್ನಿಸಿ. ಮೊದಲು ಹೊಟ್ಟೆ ಗೆರೆ ಮುಟ್ಟುತ್ತೆ, ಹುಡುಗಿ ಆಮೇಲೆ ಬರ್ತಾಳೆ" ಎಂದು ಎಲ್ಲರನ್ನೂ ನಗಿಸಿದ್ದರು.

ಆಷಾಢದಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಗೌರಿವ್ರತ ಹಿಡಿಯುತ್ತಾರೆ. ಐದು ದಿನ ಉಪ್ಪು ಮುಟ್ಟುವಂತಿಲ್ಲ. ಆ ವರ್ಷ ಮಗಳೂ ಹಟ ಹಿಡಿದಳು. "ಬಿಲ್ಡಿಂಗ್‌ನಲ್ಲಿ ಸಬ್ ಮಾಡ್ತಾರೆ ಅಮ್ಮಾ, ನಾನೊಬ್ಬಳೇ ಯಾಕಿಲ್ಲ? ಸರ್‌ಗೆ ಮತ್ ಬೋಲ್ನಾ, ಹೇಳಿದ್ರೆ ಓಡಕ್ಕೆ ಬಿಡಲ್ಲ." ನಾನು ಒಪ್ಪಿ ಅವಳ ಊಟಕ್ಕೆ ಉಪ್ಪು ನಿಲ್ಲಿಸಿದೆ.

ಜಿಲ್ಲಾ ತಂಡದ ಆಯ್ಕೆ ವ್ರತದ ನಾಲ್ಕನೆಯ ದಿನಕ್ಕೇ ಬಿದ್ದಿತ್ತು. ವ್ರತದ ಹುಡುಗಿಯರನ್ನೆಲ್ಲ ಸರ್ ಪಟ್ಟಿಯಿಂದ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಕರ್ನಾಟಕದವರು ಬೆಹನ್, ನಿಮ್ಮಲ್ಲಿ ಇದೆಲ್ಲ ಇಲ್ಲ ಅಲ್ವಾ? ಈ ಸಲ ನನಗೆ ಇವಳೊಬ್ಬಳೇ" ಎಂದರು. ಮಗಳೂ ವ್ರತದಲ್ಲಿದ್ದಾಳೆಂದು ಹೇಳದೆ ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಹಾಲು, ಬಾದಾಮಿ, ತುಪ್ಪ ಸುರಿದ ಗೋಧಿ ಶಿರಾ, ಇಷ್ಟೆಲ್ಲ ಹೊಟ್ಟೆಗೆ ಹೋಗುತ್ತಿರುವಾಗ ಉಪ್ಪೊಂದಿಲ್ಲದಿದ್ದರೆ ಏನಾದೀತು ಎಂದುಕೊಂಡೆ.

ಮಳೆ ಬಿಟ್ಟು ಸೆಕೆ ಉಬ್ಬರಿಸಿದ ದಿನ ಅದು. ಬೆಳಗಿನ ಸುತ್ತಿನಲ್ಲಿ ಗೆದ್ದಳು. ಮಧ್ಯಾಹ್ನದ ಫೈನಲ್‌ನಲ್ಲಿ, ಇನ್ನು ಇನ್ನೂರು ಮೀಟರ್ ಇದೆ ಎನ್ನುವಾಗ ಎರಡೂ ಮೀನಖಂಡ ಹಿಡಿದುಕೊಂಡು ಬಿದ್ದಳು. ಅಲ್ಲಿಗೆ ಆ ವರ್ಷದ ಆಯ್ಕೆ ಮುಗಿಯಿತು. ಸರ್ ಅವಳನ್ನು ಎತ್ತಿಕೊಂಡು ನೆರಳಿಗೆ ಓಡಿದರು. ನಾನು ಚಪ್ಪಲಿ ಬಿಟ್ಟು ಹಿಂದೆ ಓಡಿದೆ. ಡಾಕ್ಟರು ಬಂದು ನೋಡಿ, ಮೈಯಲ್ಲಿ ನೀರೂ ಇಲ್ಲ, ಉಪ್ಪೂ ಇಲ್ಲ ಎಂದರು.

ಮಾರನೆಯ ದಿನ ಸರ್ ಎಲ್ಲ ತಂದೆತಾಯಿಯರನ್ನೂ ಮರದ ಕೆಳಗೆ ಕರೆದರು. "ತಪ್ಪು ನನ್ನದು. ನೀರು ಕೊಡಬೇಡಿ ಅಂದವನು ನಾನು. ನನ್ನ ಕೋಚ್ ಹೇಳಿದ್ದನ್ನೇ ಯೋಚನೆ ಮಾಡದೆ ನಿಮಗೂ ಹೇಳಿದೆ."

"ಇಷ್ಟು ವರ್ಷ ನಮ್ಮ ಮಕ್ಕಳನ್ನ ಒಣಗಿಸಿದ್ರಾ ಸಾಹೇಬ್ರೇ?" ಎಂದು ಫಾಫಡಾದ ತಂದೆ ಚುಚ್ಚಿದರು. ಸರ್ ತಲೆ ತಗ್ಗಿಸಿದರು. ನಾನು ವ್ರತದ ಮಾತು ಎತ್ತಲಿಲ್ಲ. ಅಂದಿನಿಂದ ಮರದ ಬುಡದಲ್ಲಿ ನಿಂಬೆರಸ, ಉಪ್ಪು, ಸಕ್ಕರೆ ಬೆರೆಸಿದ ನೀರಿನ ಮಡಕೆ ಬಂತು. ಕುಡಿಯದವರನ್ನು ಸರ್ ಓಡಲು ಬಿಡುತ್ತಿರಲಿಲ್ಲ.

ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ನಮಗೆ ಮತ್ತೆ ವರ್ಗವಾಯಿತು...

ಮೊನ್ನೆ ವಡೋದರದ ಹಳೆಯ ನೆರೆಯಾಕೆಗೆ ಫೋನ್ ಮಾಡಿ ಕೇಳಿದೆ. ಸರ್ ತೀರಿಕೊಂಡು ಎರಡು ವರ್ಷವಾಯಿತಂತೆ. ಮಗಳಿಗೆ ತಿಳಿಸಿ, ಅವರಿಗೆ ಹೇಳದೇ ಉಳಿಸಿಕೊಂಡಿದ್ದನ್ನೂ ಹೇಳಿದೆ.

"ಅವರಿಗೆ ಗೊತ್ತಿತ್ತಮ್ಮ. ಎತ್ತಿಕೊಂಡು ಓಡ್ತಿದ್ದಾಗ ವ್ರತದ ವಿಷ್ಯ ನಾನೇ ಹೇಳಿದ್ದೆ. ಹೇಳಿದ್ದು ಅಮ್ಮನಿಗೆ ತಿಳಿಯೋದು ಬೇಡ, ನೊಂದ್ಕೋತಾರೆ ಅಂದಿದ್ರು."

ಹಾಗಾದರೆ ಮರದ ಕೆಳಗೆ, ಗೊತ್ತಿದ್ದೇ... ನನ್ನ ಪಾಲನ್ನೂ ಸೇರಿಸಿಕೊಂಡು ಬೈಸಿಕೊಂಡಿದ್ದರು. ಸರ್, ಉಪ್ಪು ನಿಲ್ಲಿಸಿದವಳು ನಾನು ಎನ್ನುವಷ್ಟು ಚಿಕ್ಕ ಮಾತು. ಅದನ್ನು ಹೇಳಲು ಈಗ ಅವರೇ ಇಲ್ಲ.