ಒಂದೇ ಭಾಷೆಯ ಮನೆ

ಆ ಸಲಹೆ ಕೊಟ್ಟ ದಿನ ನಾನು ಬಹಳ ಹುರುಪಿನಲ್ಲಿದ್ದೆ. ಮಕ್ಕಳಿಗೆ ಮಾತಿನ ಚಿಕಿತ್ಸೆ ಕೊಡುವ ಕೆಲಸಕ್ಕೆ ಸೇರಿ ಆಗ ಎರಡನೇ ವರ್ಷ. ಸೋಮವಾರ, ಗುರುವಾರ ಕುಷ್ಟಗಿ, ಉಳಿದ ದಿನ ಯಲಬುರ್ಗಾ, ಕೊಪ್ಪಳ. ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯುತ್ತಿದ್ದರೂ ನನಗೆ ಎಲ್ಲ ಗೊತ್ತು ಎಂಬ ಜಂಬ ಮಾತ್ರ ಕಡಿಮೆಯಾಗಿರಲಿಲ್ಲ.

ಕುಷ್ಟಗಿಗೆ ತಾವರಗೇರಾದಿಂದ ಗಂಡ ಹೆಂಡತಿ ನಾಲ್ಕು ವರ್ಷದ ಮಗಳನ್ನು ಕರೆತಂದರು. ಆಟೊ, ಬೈಕುಗಳ ಸೀಟು ಹೊಲಿಯುವ ಅಂಗಡಿ ಅವರದು. ಇಬ್ಬರೂ ಬೆಳಿಗ್ಗೆ ಹೋದರೆ ಮನೆಗೆ ಬರುವುದು ಸಂಜೆಯೇ, ಅಲ್ಲಿಯವರೆಗೆ ಮಗು ತಂದೆಯ ತಾಯಿಯ ಹತ್ತಿರ. ಮನೆಮಾತು ದಖನಿ ಉರ್ದು. ಮಗುವಿನ ಕಿವಿ ಚೆನ್ನಾಗಿತ್ತು, ಬುದ್ಧಿಯೂ ಚುರುಕು. ಮಾತು ಮಾತ್ರ ವಯಸ್ಸಿಗಿಂತ ಬಹಳ ಹಿಂದೆ. ಇದ್ದದ್ದು ಕೆಲವೇ ಬಿಡಿ ಪದಗಳು. ಅಜ್ಜಿಯನ್ನು ಕರೆಯಲು 'ದಾದಿಮಾ', ನೀರಿಗೆ 'ಪಾನಿ', ಏನಾದರೂ ಬೇಡವಾದರೆ 'ನಕ್ಕೊ'. ನಕ್ಕೊ ಎನ್ನುವಾಗ ಮೂಗು ಸೊಟ್ಟ ಮಾಡುತ್ತಿದ್ದಳು, ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ನನಗೆ ದಖನಿ ಬರುತ್ತಿರಲಿಲ್ಲ. ಮಕ್ಕಳಿಗೆ ತೋರಿಸಿ ಮಾತಾಡಿಸಲು ನನ್ನ ಬಳಿ ಇದ್ದ ಚಿತ್ರಗಳ ಕೆಳಗೆಲ್ಲ ಕನ್ನಡವೇ ಇತ್ತು. ನಿಜವಾದ ಕಾರಣ ಇಷ್ಟೇ, ಆದರೆ ನಾನು ಅದನ್ನು ದೊಡ್ಡ ಶಾಸ್ತ್ರದಂತೆ ಹೇಳಿದೆ.

"ಎರಡು ಭಾಷಾ ಕೇಳಿದ್ರ ಕೂಸಿಗೆ ಗೊಂದಲ ಆಗತೈತ್ರಿ. ಮನ್ಯಾಗ ಬರೇ ಕನ್ನಡಾ ಮಾತಾಡ್ರಿ. ಉರ್ದು ಒಂದು ಶಬ್ದಾನೂ ಬ್ಯಾಡ."

ತಾಯಿ ಗಂಡನ ಮುಖ ನೋಡಿದಳು. ಅತ್ತೆಗೆ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟೇ ಕನ್ನಡ ಬರುತ್ತದೆ ಎಂದು ಮೆಲ್ಲಗೆ ಹೇಳಿದಳು. ಕಲಿತುಕೊಳ್ಳುತ್ತಾರೆ ಬಿಡಿ ಎಂದು ನಾನು ಮುಂದಿನ ಮಗುವನ್ನು ಒಳಗೆ ಕರೆದೆ.

ಮೂರನೇ ವಾರಕ್ಕೆ ನಕ್ಕೊ ಹೋಯಿತು. ಬೇಡದ್ದನ್ನು ಹುಡುಗಿ ಕೈಯಿಂದ ತಳ್ಳತೊಡಗಿದಳು. ಆಮೇಲೆ ಪಾನಿಯೂ ಹೋಯಿತು, ನೀರು ಬೇಕಾದರೆ ಬಾಟಲಿಯತ್ತ ಬೆರಳು ಮಾಡುತ್ತಿದ್ದಳು. ಹಳೆಯದು ಹೋಗಿ ಹೊಸದು ಬರುವ ನಡುವಿನ ಕಾಲ ಇದು ಎಂದು ಫೈಲಿನಲ್ಲಿ ಬರೆದೆ. ಹೊಸದೇನೂ ಬರಲಿಲ್ಲ. ನಾನು ಚಿತ್ರ ತೋರಿಸಿದರೆ ಅವಳು ಚಿತ್ರ ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಅದು ಯಾವಾಗ ಮುಚ್ಚುತ್ತದೋ ಎಂದು ಕಾಯುವವಳ ಹಾಗೆ.

ಎರಡೂವರೆ ತಿಂಗಳಾದ ಮೇಲೆ, ಮನೆಯಲ್ಲಿ ನಿಯಮ ತಪ್ಪಿಸುತ್ತಿದ್ದೀರಾ ಎಂದು ತಂದೆಯನ್ನು ಗದರಿಸಿದೆ. ಒಂದು ದಿನವೂ ತಪ್ಪಿಸಿಲ್ಲ ಎಂದು ಅವನು ತಲೆ ತಗ್ಗಿಸಿ ಹೇಳಿದ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಕ್ಕಳ ಮನೆಮಾತನ್ನು ಬಿಡಿಸಬೇಡಿ ಎಂದು ಕಾಲೇಜಿನಲ್ಲಿ ಮೇಡಂ ಒಬ್ಬರು ಹೇಳಿದ್ದು ನೆನಪಾಯಿತು. ಆದರೂ ಇನ್ನೆರಡು ವಾರ ಸುಮ್ಮನಿದ್ದೆ. ತಪ್ಪು ಒಪ್ಪಿಕೊಳ್ಳುವುದೆಂದರೆ ನನಗೆ ಜೀವ ಹೋದಂತೆ.

ಕೊನೆಗೆ ಒಂದು ಶುಕ್ರವಾರ, ಅವರ ಅಂಗಡಿ ಮಧ್ಯಾಹ್ನ ಮುಚ್ಚುತ್ತದೆಂದು ತಿಳಿದು, ತಾವರಗೇರಾಕ್ಕೆ ಹೋದೆ. ಓಣಿಯ ತುಂಬ ಗದ್ದಲ. ಒಂದು ಮನೆಯಲ್ಲಿ ಟಿವಿ, ಇನ್ನೊಂದರಲ್ಲಿ ಜಗಳ, ಎದುರಿಗೆ ಯಾರೋ ಖಾರ ಕುಟ್ಟುತ್ತಿದ್ದರು. ಇವರ ಬಾಗಿಲಲ್ಲಿ ನಿಂತರೆ ಒಳಗೆ ಜನ ಇದ್ದಾರೆಂದೇ ಅನ್ನಿಸಲಿಲ್ಲ.

ಎಲ್ಲರೂ ಇದ್ದರು. ತಂದೆ ಊಟ ಮಾಡುತ್ತಿದ್ದ, ತಾಯಿ ಬಡಿಸುತ್ತಿದ್ದಳು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಮಗು ದೂರದ ಮೂಲೆಯಲ್ಲಿ ರೆಕ್ಸಿನ್ ಚೂರುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಮೂರು ತಿಂಗಳಿಂದ ಹಗಲೆಲ್ಲ ಅಜ್ಜಿ, ಮೊಮ್ಮಗಳು ಹೀಗೇ ಮಾತಿಲ್ಲದೆ ಕೂತಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯಿತು. ನನಗೆ ಭಯವಾಯಿತು.

ನನ್ನನ್ನು ಕಂಡು ಅಜ್ಜಿಯ ಮುಖ ಅರಳಿತು. "ಆವ್ ಮಾ, ಬೈಠೊ," ಎಂದರು. ಬಾರಮ್ಮ, ಕೂಡು ಅಂತ.

ಮಗು ಚೂರುಗಳನ್ನು ಬಿಟ್ಟು ಓಡಿ ಬಂತು. ಅಜ್ಜಿಯ ಬಾಯಿಯ ಮೇಲೆ ಅಂಗೈ ಒತ್ತಿತು.

"ಸುಮ್ಮಕ ಕೂಡ್ರಿ," ಎಂದಿತು.

ಒಂದಕ್ಷರ ತೊದಲಲಿಲ್ಲ. ಎರಡು ಪದ ಕೂಡಿಸಿ ಆ ಮಗು ಆಡಿದ್ದು ಅದೇ ಮೊದಲು. ತಾಯಿಗೆ ಹಿಗ್ಗೋ ಹಿಗ್ಗು.

"ನೋಡ್ರಿ ಮೇಡಂ, ಕನ್ನಡಾ ಬರಾಕತ್ತೈತಿ. ಅತ್ತಿಯವ್ರು ಮರತು ಉರ್ದು ಮಾತಾಡಿದ್ರ ನಾವು ಹಂಗ ಅಂತಿದ್ವಿ. ಕೇಳಿ ಕೇಳಿ ಕಲತಾಳ."

ನಾನು ಅಜ್ಜಿಯ ಎದುರು ನೆಲದ ಮೇಲೆ ಕೂತೆ. ತಪ್ಪು ನನ್ನದು, ಅಜ್ಜಿ ಮೊದಲಿನಂತೆ ತಮ್ಮ ಮಾತನ್ನೇ ಆಡಲಿ, ಎಷ್ಟು ಬೇಕೋ ಅಷ್ಟು ಆಡಲಿ, ಈ ಕೂಸಿಗೆ ಈಗ ಅದೇ ಔಷಧಿ ಎಂದೆ. ತಂದೆ ಕೈಯಲ್ಲಿ ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದ. ಆಮೇಲೆ ಅಜ್ಜಿಯ ಕಡೆ ತಿರುಗಿ ಅದನ್ನು ದಖನಿಯಲ್ಲಿ ಹೇಳಿದ.

ಅಜ್ಜಿಯ ತುಟಿ ಅಲುಗಿತು. ಮಾತು ಹೊರಡುವ ಮೊದಲು ಅವರು ನಾಲ್ಕು ವರ್ಷದ ಮೊಮ್ಮಗಳ ಮುಖ ನೋಡಿದರು, ಹೆದರಿ ಬಾಯಿ ಮುಚ್ಚಿಕೊಂಡರು.